ಉಮರ್ಗಾ, ನಿಲಂಗಾ, ಉದಗೀರ್: ಗಡಿಭಾಗದವರು ಯೂನಿವರ್ಸಿಟಿ ಕೆಲಸ ಹುಡುಕುವುದು ಹೇಗೆ?

ಯೂನಿವರ್ಸಿಟಿ ಕೆಲಸ ಅಂದ್ರೆ ಪಾಠ ಮಾಡೋದು ಮಾತ್ರ ಅಲ್ಲ. ಲ್ಯಾಬ್, ಲೈಬ್ರರಿ, ಪರೀಕ್ಷಾ ವಿಭಾಗ, ಕಚೇರಿ, ಸಂಶೋಧನಾ ಪ್ರಾಜೆಕ್ಟ್ ಎಲ್ಲ ಕಡೆಯೂ ಜನ ಬೇಕು. ಹತ್ತನೇ ತರಗತಿ ಪಾಸಾದವರಿಂದ ಎಂಎಸ್ಸಿ ಮುಗಿಸಿದವರ ತನಕ ಅವಕಾಶವಿದೆ. ಆದರೆ ಮರಾಠವಾಡದ ಗಡಿಯಲ್ಲಿರುವ ಕನ್ನಡಿಗ ಯುವಕರು ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಯಾವ ಊರಿಗೆ ಯಾವ ವಿವಿ?

ಉಮರ್ಗಾ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯಲ್ಲಿದೆ. ಇಲ್ಲಿಗೆ ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿವಿ (1958). ಧಾರಾಶಿವದಲ್ಲಿ ಅದರ ಉಪಕೇಂದ್ರವೂ ಇದೆ. ನಿಲಂಗಾ, ಉದಗೀರ್ ಲಾತೂರು ಜಿಲ್ಲೆಗೆ ಸೇರಿದ್ದು, ನಾಂದೇಡಿನ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡ ವಿವಿ (1994) ವ್ಯಾಪ್ತಿಗೆ ಬರುತ್ತವೆ. ಉದಗೀರಿನ ಪಶುವೈದ್ಯಕೀಯ ಕಾಲೇಜು ಮಾತ್ರ ನಾಗಪುರದ ಪಶು ಮತ್ತು ಮೀನುಗಾರಿಕಾ ವಿಜ್ಞಾನ ವಿವಿಗೆ ಸೇರಿದ್ದು. ಹಾಗಾಗಿ ಕಾಲೇಜು ಊರಲ್ಲೇ ಇದ್ದರೂ ನಾಗಪುರದ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಗಡಿ ದಾಟಿದರೆ

ಉದಗೀರಿನಿಂದ ರೈಲು ಹತ್ತಿದರೆ ಬೀದರ್. ಅಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿವಿ ಇದೆ. ಕಲಬುರಗಿಯಲ್ಲಿ ಗುಲ್ಬರ್ಗ ವಿವಿ (1980) ಇದೆ. ಆದರೆ ಇವು ರಾಜ್ಯದ ವಿವಿಗಳು. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯೋದಿಲ್ಲ, 371(ಜೆ) ಸ್ಥಳೀಯ ಮೀಸಲಾತಿಯೂ ಸಿಗೋದಿಲ್ಲ.

ಗಡಿಯ ಎರಡೂ ಕಡೆಯವರಿಗೆ ಒಂದೇ ನಿಯಮ ಇರುವುದು ಕೇಂದ್ರೀಯ ವಿವಿಯಲ್ಲಿ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿವಿ (2009) ಉಮರ್ಗಾದವರಿಗೆ ಆಳಂದ ದಾಟಿದರೆ ಸಿಗುತ್ತದೆ. ಕರಾವಳಿಯ ನಮ್ಮ ಹುಡುಗರಿಗೂ ಇದೇ ಮಾತು: ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿವಿ ಇದೆ, ಮರೀಬೇಡಿ.

ಮೂರು ಬಗೆಯ ಕೆಲಸ

1. ಖಾಯಂ ಬೋಧಕೇತರ ಹುದ್ದೆ: ಗುಮಾಸ್ತ, ಲ್ಯಾಬ್ ಅಟೆಂಡೆಂಟ್, ಲೈಬ್ರರಿ ಸಹಾಯಕ ಇತ್ಯಾದಿ. ಗುಮಾಸ್ತ ಹುದ್ದೆಗೆ ಟೈಪಿಂಗ್ ಬೇಕು. ಮಹಾರಾಷ್ಟ್ರದ ವಿವಿಗಳಿಗೆ ಮರಾಠಿ ಬರಲೇಬೇಕು.

2. ಪ್ರಾಜೆಕ್ಟ್ ಹುದ್ದೆ: ಒಬ್ಬ ಪ್ರಾಧ್ಯಾಪಕರಿಗೆ ಸಿಕ್ಕ ಅನುದಾನದಲ್ಲಿ ನಡೆಯುವ ತಾತ್ಕಾಲಿಕ ಕೆಲಸ. ಅನುದಾನ ಮುಗಿದರೆ ಕೆಲಸವೂ ಮುಗೀತು. ಆದರೆ ಪಿಎಚ್‌ಡಿಗೆ ಒಳ್ಳೆಯ ಮೆಟ್ಟಿಲು. ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಪಡೆದು ಸಂಶೋಧನೆಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂ. ಫೆಲೋಶಿಪ್ ಇದೆ.

3. ಹೊರಗುತ್ತಿಗೆ: ಸೆಕ್ಯೂರಿಟಿ, ಸ್ವಚ್ಛತೆ, ಡೇಟಾ ಎಂಟ್ರಿ. ಇಲ್ಲಿ ಸಂಬಳ ಕೊಡುವುದು ಏಜೆನ್ಸಿ, ವಿವಿ ಅಲ್ಲ. ಪಿಎಫ್, ಇಎಸ್‌ಐ ಕಟ್ಟುತ್ತಾರಾ ಅಂತ ಕೇಳಿಕೊಂಡೇ ಸೇರಿ.

ಈಗಲೇ ಮಾಡಬೇಕಾದ್ದು

ವಿವಿ ವೆಬ್‌ಸೈಟಿನ ನೇಮಕಾತಿ ಪುಟವನ್ನು ವಾರಕ್ಕೊಮ್ಮೆ ನೋಡಿ. ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆ ಓದಿ. ಪ್ರಾಜೆಕ್ಟ್ ಹುದ್ದೆ ಬೇಕಾದವರು ನಿಮ್ಮ ವಿಷಯದ ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಮಾಡಿ, ಒಂದು ಪುಟದ ಬಯೋಡೇಟಾ ಸಾಕು.

ಕೇಂದ್ರೀಯ ವಿವಿಗೆ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ಕರ್ನಾಟಕದ 2ಬಿ ಪ್ರಮಾಣಪತ್ರ ಅಲ್ಲಿ ನಡೆಯೋದಿಲ್ಲ. ಯಾವ ಮೀಸಲಾತಿಗೂ ಬಾರದ, ವರ್ಷದ ಆದಾಯ 8 ಲಕ್ಷ ರೂ.ಗಿಂತ ಕಡಿಮೆ ಇರುವ ಕುಟುಂಬದವರು ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು, ಮುಸ್ಲಿಮರೂ ಸಹ. ಜಾಹೀರಾತು ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ಕಳೆದುಹೋಗಿರುತ್ತದೆ.

ಕೊನೆಯದಾಗಿ ಒಂದು ಮಾತು. ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಿಗೆ 2016ರಿಂದ ಸಂದರ್ಶನವೇ ಇಲ್ಲ, ಪರೀಕ್ಷೆಯ ಅಂಕವೇ ಮುಖ್ಯ. ‘ಇಂಟರ್‌ವ್ಯೂನಲ್ಲಿ ನೋಡ್ಕೊಳ್ತೇನೆ’ ಅಂತ ಹೇಳಿ ಹಣ ಕೇಳುವವರಿಗೆ ಮನೆಯ ಚಿನ್ನ ಅಡವಿಟ್ಟು ಕೊಡಬೇಡಿ. ಅದೇ ಹಣದಲ್ಲಿ ಟೈಪಿಂಗ್ ಕಲಿಯಿರಿ, ಕೋಚಿಂಗ್‌ಗೆ ಸೇರಿ.