ಸನ್ನತಿಯ ಕಲ್ಲು ಮತ್ತು ನಮ್ಮ ಸಿಟ್ಟು



1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡರು. ಅದಾದ ಹದಿನೆಂಟೇ ದಿನಕ್ಕೆ, ನವೆಂಬರ್ 1ಕ್ಕೆ, ಬೀದರ್ ಜಿಲ್ಲೆಯಲ್ಲಿದ್ದ ನಮ್ಮ ಜಹೀರಾಬಾದ್, ನಾರಾಯಣಖೇಡ್ ಸೀಮೆ ಆಂಧ್ರಕ್ಕೆ ಸೇರಿತು. ಗಡಿ ಬದಲಾದ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ದೀಕ್ಷೆಯಲ್ಲಿ ಏನು ಪ್ರತಿಜ್ಞೆ ಮಾಡಿದರು ಅನ್ನೋದನ್ನ ಮಾತ್ರ ನಾವು ಮರೆತಿದ್ದೇವೆ. ಆ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗದಲ್ಲಿ ನಡೆಯುವುದೂ ಒಂದು. ಆ ಮಾರ್ಗದ ಏಳನೇ ಅಂಗ ಸಮ್ಮಾಸತಿ, ಅಂದರೆ ಸರಿಯಾದ ಎಚ್ಚರ.

ಧ್ಯಾನ ಅಂದ್ರೆ ಹೊಟ್ಟೆ ತುಂಬಿದವರ ಕೆಲಸ ಅಂತ ನಗ್ತೀರಿ. ನಾನೂ ನಗ್ತಿದ್ದೆ. ಒಮ್ಮೆ ಸನ್ನತಿಗೆ ಹೋಗಿ ಬನ್ನಿ. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆ ಮೇಲಿದೆ. ನಿಜಾಮನ ಕಾಲಕ್ಕೆ ಅದೂ ನಾವೂ ಒಂದೇ ಸಂಸ್ಥಾನ. ಅಲ್ಲಿಯ ಚಂದ್ರಲಾಂಬಾ ಗುಡಿ ಆವರಣದಲ್ಲಿ 1986ರಲ್ಲಿ ಮಾಳಿಗೆ ಕುಸಿದಾಗ, ಕಾಳಿ ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಪೀಠಕ್ಕಾಗಿ ನಡುವೆ ಕೊರೆದು ಅಕ್ಷರ ಹಾಳಾಗಿವೆ. ಅದರಲ್ಲಿರುವ ಒಂದು ಆಜ್ಞೆ ಒಡಿಶಾದ ಧೌಲಿ ಬಂಡೆಯಲ್ಲಿ ಹೆಚ್ಚು ಪೂರ್ತಿಯಾಗಿ ಸಿಗುತ್ತದೆ.

ಅದು ನ್ಯಾಯ ನೋಡುವ ಅಧಿಕಾರಿಗಳಿಗೆ ಹೇಳಿದ ಮಾತು. ತಪ್ಪಿಲ್ಲದವರೂ ಸೆರೆ, ಹಿಂಸೆ ಅನುಭವಿಸುತ್ತಾರೆ. ನೀವು ಮಧ್ಯದ ದಾರಿಯಲ್ಲಿ ನಡೆಯಬೇಕು. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ, ದಣಿವು ಇದ್ದರೆ ಅದು ಆಗದು ಎನ್ನುತ್ತಾನೆ. ಸಿಟ್ಟಿಲ್ಲದಿರುವುದು, ಅವಸರವಿಲ್ಲದಿರುವುದು ಇದಕ್ಕೆಲ್ಲ ಬೇರು ಅಂತಾನೆ.

ನೋಡ್ರಿ, ಸಿಟ್ಟು ಬಿಡು ಅಂತ ನಮಗೆ ಹೇಳುವವರೇ ಎಲ್ಲ. ಅಶೋಕ ಹೇಳಿದ್ದು ಅಧಿಕಾರದಲ್ಲಿ ಕೂತವರಿಗೆ!

ಬುದ್ಧ ಸಿಟ್ಟನ್ನು ನುಂಗು ಅನ್ನಲಿಲ್ಲ. ಸತಿಪಟ್ಠಾನದಲ್ಲಿ ಹೇಳಿದ್ದು ಇಷ್ಟೇ: ಉಸಿರು ಉದ್ದವಿದ್ದರೆ ಉದ್ದ ಅಂತ ತಿಳಿ, ಮನಸ್ಸಿನಲ್ಲಿ ದ್ವೇಷವಿದ್ದರೆ ಇದೆ ಅಂತ ತಿಳಿ. ಕೂತಾಗಷ್ಟೇ ಅಲ್ಲ, ನಡೆಯುವಾಗ, ನಿಂತಾಗ, ಉಣ್ಣುವಾಗ ಕೂಡ. ಹತ್ತಿ ಹೊಲದಲ್ಲೂ ಆಗುತ್ತದೆ, ಬಸ್ಸಿನಲ್ಲೂ ಆಗುತ್ತದೆ.

ಮಗಳ ಸರ್ಟಿಫಿಕೇಟಿಗೆ ಒಂದು ಕಚೇರಿಗೆ ಮೂರು ಸಲ ಅಲೆದಿದ್ದೆ. ನಾಲ್ಕನೇ ಸಲವೂ "ನಾಳೆ ಬಾ" ಅಂದರು. ಕೈ ನಡುಗಿತು. ಹಿಂದಿನ ನಾನಾಗಿದ್ದರೆ ಬೈದು, ಹೊರದಬ್ಬಿಸಿಕೊಂಡು ಬರ್ತಿದ್ದೆ. ಅವತ್ತು ನಿಂತಲ್ಲೇ ನಾಲ್ಕು ಉಸಿರು ನೋಡಿದೆ. ಸಿಟ್ಟು ಹೋಗಲಿಲ್ಲ, ಬಾಯಿ ಮಾತ್ರ ಹಿಡಿತಕ್ಕೆ ಬಂತು. "ಯಾಕೆ ಆಗಲ್ಲ ಅಂತ ಬರೆದು ಕೊಡ್ರಿ, ಇಲ್ಲಾ ಅರ್ಜಿ ತಗೊಂಡು ರಸೀದಿ ಕೊಡ್ರಿ" ಅಂದೆ.

ರಸೀದಿ ಕೊಟ್ಟರು.