ವೆಲ್ಡಿಂಗ್ ಬೆಳಕು ಬಡಿದ ಕಣ್ಣಿಗೆ ಬಟಾಟೆ, ಹಾಲು ಮದ್ದೇ? ಹೊಸದಾಗಿ ಕಲಿಯುವವರು ತಿಳಿಯಬೇಕಾದ ಸಂಗತಿಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಹತ್ತಿರ ಬಂದಂತೆ ಟ್ರೇಲರ್, ನೇಗಿಲು, ರಂಟೆ ಎಲ್ಲ ವೆಲ್ಡಿಂಗ್ ಅಂಗಡಿಗೆ ಬರುತ್ತವೆ. ಸಣ್ಣ ಇನ್ವರ್ಟರ್ ಮಷಿನ್ ಸುಲಭವಾಗಿ ಸಿಗುವುದರಿಂದ ಮನೆಯಲ್ಲೇ ಕಲಿಯಲು ಹೊರಟವರೂ ಇದ್ದಾರೆ. ಅವರಿಗೆ ಕೆಲಸಕ್ಕಿಂತ ಮೊದಲು ತಲುಪುವುದು ಬಾಯಿಮಾತಿನ, ವಾಟ್ಸಾಪ್‌ನ ಸಲಹೆಗಳು. ಅವುಗಳಲ್ಲಿ ಮೂರನ್ನು ಪರಿಶೀಲಿಸೋಣ.

ಹೇಳಿಕೆ 1: ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಸಾಕು

ತಪ್ಪು. ವೆಲ್ಡಿಂಗ್ ಕಿಡಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಹೊರಬರುತ್ತವೆ. ಕೂಲಿಂಗ್ ಗ್ಲಾಸ್ ಇವುಗಳಿಗಾಗಿ ಮಾಡಿದ್ದಲ್ಲ. ಪಕ್ಕದಿಂದಲೂ ಬೆಳಕು ನುಗ್ಗುತ್ತದೆ, ಮುಖದ ಚರ್ಮವೂ ಸುಡುತ್ತದೆ. ಸಾಮಾನ್ಯ ರಾಡ್ ಕೆಲಸಕ್ಕೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಇರುವ ಮುಖಗವಸು ಬೇಕು. ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಲ್ಲುವ ಹುಡುಗನಿಗೂ ಅದೇ ಬೇಕು.

ಹೇಳಿಕೆ 2: ಬಟಾಟೆ ಹೋಳು ಇಟ್ಟರೆ, ಹಾಲಿನ ಹನಿ ಬಿಟ್ಟರೆ ಕಣ್ಣು ವಾಸಿಯಾಗುತ್ತದೆ

ಆಧಾರವಿಲ್ಲ. ನೇರಳಾತೀತ ಕಿರಣಗಳು ಕಣ್ಣಿನ ಪಾರದರ್ಶಕ ಪಟಲದ ಮೇಲ್ಪದರವನ್ನು ಸುಡುತ್ತವೆ. ಬಿಸಿಲಿಗೆ ಚರ್ಮ ಸುಟ್ಟ ಹಾಗೆಯೇ ಇದು. ನೋವು ತಕ್ಷಣ ಬರುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಅಂದರೆ ರಾತ್ರಿ ಮಲಗಿದಾಗ, ಕಣ್ಣಲ್ಲಿ ಉಸುಕು ಸುರಿದಂತಾಗಿ ನೀರು ಸುರಿಯುತ್ತದೆ.

ಈ ಮೇಲ್ಪದರ ಹೆಚ್ಚಿನ ಸಲ ಒಂದೆರಡು ದಿನಗಳಲ್ಲಿ ತಾನಾಗಿಯೇ ಬೆಳೆದು ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಬಟಾಟೆ ಇಟ್ಟಿದ್ದರೆ ಹೆಸರು ಬಟಾಟೆಗೆ ಬರುತ್ತದೆ! ಹೋಳಿನ ತಂಪು ಸ್ವಲ್ಪ ಹಿತ ಕೊಡಬಹುದು, ಆದರೆ ಗಾಯ ಮಾಯಿಸುವುದಿಲ್ಲ. ಸುಟ್ಟ ಕಣ್ಣಿಗೆ ಹಸಿ ಹಾಲು ಬಿಟ್ಟರೆ ಸೋಂಕು ತಗಲುವ ಅಪಾಯವಿದೆ.

ಕಣ್ಣು ಮುಚ್ಚಿ ಮೇಲೆ ಶುಭ್ರವಾದ ತಣ್ಣನೆಯ ಬಟ್ಟೆ ಇಡಿ, ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ ಪಡೆಯಿರಿ, ಉಜ್ಜಬೇಡಿ. ಕಣ್ಣಿನ ವೈದ್ಯರಿಗೆ ತೋರಿಸಿ. ದೃಷ್ಟಿ ಮಂಜಾದರೆ, ಗ್ರೈಂಡರ್‌ನ ಕಬ್ಬಿಣದ ಚೂರು ಸಿಡಿದಿದ್ದರೆ ತಡಮಾಡಲೇಬೇಡಿ. ಕಣ್ಣು ಮರಗಟ್ಟಿಸುವ ಹನಿಗಳನ್ನು ಅಂಗಡಿಯಿಂದ ತಂದು ಪದೇ ಪದೇ ಹಾಕಿಕೊಳ್ಳಬಾರದು. ಗಾಯ ಮಾಯುವುದು ತಡವಾಗುತ್ತದೆ, ಕಣ್ಣಿಗೇ ಹಾನಿಯಾಗಬಹುದು.

ಹೇಳಿಕೆ 3: ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡದು

ತಪ್ಪು. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಜಿಐ ಪೈಪಿನ ಮೇಲಿನ ಸತುವಿನ ಲೇಪ ಉರಿದ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಗಾಳಿಯಾಡುವ ಜಾಗ, ಸರಿಯಾದ ಮಾಸ್ಕ್, ಹೊಗೆಯಿಂದ ಮುಖ ದೂರ ಇಡುವುದು — ಇವೇ ರಕ್ಷಣೆ.

ಹಾಗಾದರೆ ಶುರು ಮಾಡುವುದು ಹೇಗೆ?

• ಮೊದಲು ಮುಖಗವಸು, ಚರ್ಮದ ಕೈಗವಸು, ಬೂಟು, ಉದ್ದ ತೋಳಿನ ದಪ್ಪ ಹತ್ತಿ ಅಂಗಿ ಕೊಳ್ಳಿ, ಮಷಿನ್ ಆಮೇಲೆ. ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ.
• ತುಕ್ಕು, ಬಣ್ಣ ಉಜ್ಜಿ ತೆಗೆದ, 3 ಮಿ.ಮೀ.ಗಿಂತ ದಪ್ಪದ ಪಟ್ಟಿಯ ಮೇಲೆ ನೇರ ಗೆರೆ ಎಳೆಯುವುದನ್ನು ಕಲಿಯಿರಿ. 2.5 ಮಿ.ಮೀ.ನ 6013 ರಾಡಿಗೆ ಸುಮಾರು 60ರಿಂದ 90 ಆಂಪಿಯರ್ ಸಾಕು. ಪ್ಯಾಕೆಟ್ ಮೇಲೆ ಬರೆದಿರುವುದನ್ನು ನೋಡಿ.
• ಒದ್ದೆ ನೆಲದ ಮೇಲೆ, ಒದ್ದೆ ಕೈಗವಸಿನಲ್ಲಿ ಕೆಲಸ ಬೇಡ. ಶಾಕ್ ಹೊಡೆಯುತ್ತದೆ.
• ಡೀಸೆಲ್ ಟ್ಯಾಂಕ್, ಹಳೆ ಬ್ಯಾರಲ್ ಮುಟ್ಟಲೇಬೇಡಿ. ಖಾಲಿ ಕಂಡರೂ ಒಳಗಿನ ಆವಿ ಸ್ಫೋಟಿಸಬಹುದು.
• ಕ್ರಮಬದ್ಧವಾಗಿ ಕಲಿಯಬೇಕೆಂದರೆ ಐಟಿಐಗಳಲ್ಲಿ ವೆಲ್ಡರ್ ತರಬೇತಿ ಇದೆ. ಅವಧಿ 1 ವರ್ಷ, 8ನೇ ತರಗತಿ ಪಾಸಾದವರು ಸೇರಬಹುದು.

ಒಟ್ಟಿನಲ್ಲಿ: ಬಟಾಟೆ, ಹಾಲು, ಬೆಲ್ಲ ಅಡುಗೆಮನೆಯಲ್ಲೇ ಇರಲಿ. ಕಣ್ಣು ಸುಟ್ಟದ್ದು ತಿಳಿಯುವುದು ರಾತ್ರಿ. ಉಳಿಸಿಕೊಳ್ಳಬೇಕಾದದ್ದು ಹಗಲಲ್ಲೇ, ಮೊದಲ ಕಿಡಿಗೂ ಮುಂಚೆ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.