ಕರೆಂಟು ಹರಿಯುತ್ತಿರುವಾಗಲೇ ಹಳೆಯ ಲೈನಿನ ತಪಾಸಣೆ

ಮಳೆಗಾಲದಲ್ಲಿ ಕರೆಂಟು ಹೋದರೆ "ಲೈನು ಹಳತಾಗಿದೆ" ಎನ್ನುವುದು ನಮ್ಮ ಕಡೆಯ ವಾಡಿಕೆ. ಲೈನು ಹಳತಾಗುವುದೆಂದರೆ ಏನು, ಅದನ್ನು ಪತ್ತೆಹಚ್ಚುವುದು ಹೇಗೆ ಎಂದು ಕೆಲವು ಸದಸ್ಯರು ಕೇಳಿದ್ದರಿಂದ ಈ ಮಾಹಿತಿ ಕೊಡುತ್ತಿದ್ದೇವೆ.

ಟವರ್ ಲೈನುಗಳ ತಂತಿಯ ನಡುವೆ ಸಾಮಾನ್ಯವಾಗಿ ಸತುವಿನ ಲೇಪವಿರುವ ಉಕ್ಕಿನ ಎಳೆಗಳೂ ಸುತ್ತ ಅಲ್ಯೂಮಿನಿಯಂ ಎಳೆಗಳೂ ಇರುತ್ತವೆ. ಅಲ್ಯೂಮಿನಿಯಂ ಕರೆಂಟನ್ನು ಒಯ್ಯುತ್ತದೆ, ಉಕ್ಕು ಭಾರ ಹೊರುತ್ತದೆ. ಕರಾವಳಿಯ ಉಪ್ಪುಗಾಳಿಗೆ, ತೇವಕ್ಕೆ ಸತು ಸವೆದರೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ತಂತಿ ಸರಿಯಾಗಿಯೇ ಕಾಣುತ್ತದೆ. ಜಾಯಿಂಟುಗಳದ್ದು ಇನ್ನೊಂದು ತೊಂದರೆ. ಸಡಿಲವಾದ ಜಾಯಿಂಟು ಕರೆಂಟು ಹರಿಯುವಾಗ ಕಾಯುತ್ತದೆ. ಲೈನ್ ಆಫ್ ಮಾಡಿ ಹತ್ತಿ ನೋಡುವಷ್ಟರಲ್ಲಿ ತಣ್ಣಗಾಗಿರುತ್ತದೆ! ಹಾಗಾಗಿ ಬಿಸಿಯನ್ನು ತೋರಿಸುವ ಕ್ಯಾಮೆರಾದಿಂದ ಲೈನ್ ಚಾಲೂ ಇರುವಾಗಲೇ ನೋಡಬೇಕಾಗುತ್ತದೆ.

ಈ ಕೆಲಸಕ್ಕೆ ಕೆನಡಾದ ಹೈಡ್ರೋ-ಕ್ವಿಬೆಕ್ ಸಂಸ್ಥೆ ತಂತಿಯ ಮೇಲೆಯೇ ಗಾಲಿಯಲ್ಲಿ ಓಡುವ 'ಲೈನ್‌ಸ್ಕೌಟ್' ರೋಬೋ ತಯಾರಿಸಿದೆ. 735 ಕಿಲೋವೋಲ್ಟ್ ಲೈನಿನಲ್ಲೂ ಅದು ಓಡಾಡುತ್ತದೆ, ದಾರಿಯಲ್ಲಿ ಅಡ್ಡ ಬರುವ ಬಿಡಿಭಾಗಗಳನ್ನು ದಾಟುತ್ತದೆ. ಒಳಗಿನ ಸತುವಿನ ಲೇಪ ಎಷ್ಟು ಉಳಿದಿದೆಯೆಂದು ತಿಳಿಸುವ ಉಪಕರಣವನ್ನೂ ಅದೇ ಸಂಸ್ಥೆ ರೂಪಿಸಿದೆ. ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವ ಕಾರಣವೇ ರೋಬೋವನ್ನೂ ಕಾಯುತ್ತದೆ: ನೆಲವನ್ನಾಗಲಿ ಬೇರೆ ತಂತಿಯನ್ನಾಗಲಿ ಅದು ಮುಟ್ಟುವುದಿಲ್ಲ.

ನಮ್ಮ ದೇಶದಲ್ಲಿ ಪವರ್‌ಗ್ರಿಡ್ ಸಂಸ್ಥೆ ದೊಡ್ಡ ಲೈನುಗಳ ಪರಿಶೀಲನೆಗೆ ಹೆಲಿಕಾಪ್ಟರ್, ಡ್ರೋನ್ ಬಳಸುತ್ತಿದೆ. ಚಾಲೂ ಲೈನಿನಲ್ಲಿ ಕೆಲಸ ಮಾಡುವವರಿಗೆ ತರಬೇತಿ ನೀಡುವ ಹಾಟ್‌ಲೈನ್ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ.

ಗಡಿಯ ಎರಡೂ ಬದಿಯ ನಮಗೆ ಇದು ದೂರದ ವಿಷಯವಲ್ಲ. ಕೊಣಾಜೆಯಿಂದ ಮಂಜೇಶ್ವರಕ್ಕೆ 110 ಕಿಲೋವೋಲ್ಟ್ ಲೈನ್ ಬರುತ್ತದೆ. ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಯೋಜನೆಯ ವಿಷಯದಲ್ಲಿ ತೋಟ ಕಳೆದುಕೊಳ್ಳುವ ಕೃಷಿಕರ ಪ್ರತಿಭಟನೆ ವಿಟ್ಲದ ಕಡೆಯವರಿಗೆಲ್ಲ ಗೊತ್ತೇ ಇದೆ.

ಆದರೆ ರೋಬೋ ಓಡುವುದು ಟವರ್ ಲೈನಿನಲ್ಲಿ. ನಮ್ಮ ತೋಟದ ನಡುವೆ ಹೋಗುವ 11 ಕಿಲೋವೋಲ್ಟ್ ಲೈನ್, ಮನೆಗೆ ಬರುವ ಲೈನ್ ಇವುಗಳನ್ನು ನೋಡುವುದು ಈಗಲೂ ಲೈನ್‌ಮನ್‌ನ ಕಣ್ಣು, ಮತ್ತೆ ನಮ್ಮ ಕಣ್ಣು. ಒಂದು ವಿಷಯ ಒತ್ತಿ ಹೇಳಬೇಕಾಗಿದೆ. ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಲೋಹವಲ್ಲ, ಶಾಕ್ ಹೊಡೆಯದು ಎಂದು ನಂಬಿದವರಿದ್ದಾರೆ. ಅದು ತಪ್ಪು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂ ದೋಟಿಯಲ್ಲಿಯೂ ಹರಿಯುತ್ತದೆ. ಲೈನಿನ ಹತ್ತಿರದ ಮರಗಳ ಕೊಯ್ಲು, ಮದ್ದು ಬಿಡುವುದು ಇದ್ದರೆ ಮೊದಲೇ ಸೆಕ್ಷನ್ ಕಚೇರಿಗೆ ತಿಳಿಸಿ, ಲೈನ್ ಆಫ್ ಮಾಡಿಸಿಕೊಂಡೇ ಕೆಲಸಕ್ಕೆ ಇಳಿಯಿರಿ. ಕೆಲಸದಾಳುಗಳಿಗೂ ಹೇಳಿ.

ಜೋತುಬಿದ್ದ ತಂತಿ, ರಾತ್ರಿ ಕಿಡಿ ಹಾರುವ ಜಾಯಿಂಟು, ಲೈನಿಗೆ ತಾಗುವ ಮಡಲು ಕಂಡರೆ 1912ಕ್ಕೆ ಫೋನ್ ಮಾಡಿ; ಕೇರಳದ ಕೆಎಸ್‌ಇಬಿಗೂ ಕರ್ನಾಟಕದ ಮೆಸ್ಕಾಂಗೂ ಸಂಖ್ಯೆ ಅದೇ. ತಂತಿ ಕಡಿದು ಬಿದ್ದಿದ್ದರೆ, ಕರೆಂಟು ಇಲ್ಲವೆಂದುಕೊಂಡು ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ. ಕಂಬದಲ್ಲಿ ನಂಬರ್ ಬರೆದಿದ್ದರೆ ಅದನ್ನು ಹೇಳಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಗುಮಾಸ್ತಿಕೆ ಮಾಡಿ ಬಂದವರು ನಾವು, ನಂಬರ್ ಇಲ್ಲದ ದೂರು ಎಲ್ಲಿ ಹೋಗುತ್ತದೆಂದು ಬಲ್ಲೆವು.